ಸವೆದ ಮರದ ವಿಮಾನ ಝೀರೊ ಅಲ್ಲ, ಹಯಬುಸ: ಗುರುತು ಹಿಡಿದ ಬಗೆ

ಇಂಫಾಲದ ಗುಜರಿ ಅಂಗಡಿಯೊಂದರಲ್ಲಿ ಸುಮಾರು ಒಂದೂವರೆ ಸಾವಿರ ರೂಪಾಯಿ ಕೊಟ್ಟು ತಂದ ತೇಗದ ಪುಟ್ಟ ವಿಮಾನದ ಕೆತ್ತನೆಯನ್ನು ನಮ್ಮ ಬಳಗದವರೆಲ್ಲ ನೋಡಿದೊಡನೆ ಝೀರೊ, ಅಂದರೆ ಎರಡನೆಯ ಮಹಾಯುದ್ಧದ ಹೆಸರಾಂತ ಜಪಾನಿ ಯುದ್ಧವಿಮಾನ ಎಂದರು. ರೆಕ್ಕೆಯ ತುದಿಗಳು ಮೊಂಡಾಗಿವೆಯಲ್ಲ ಎಂದು ಕೇಳಿದರೆ, ಮಳೆಗೆ ಸವೆದಿವೆ ಎಂಬ ಉತ್ತರ ಸಿದ್ಧವಾಗಿತ್ತು. ಇನ್ನಷ್ಟು ಬಲ್ಲವರು ಅದನ್ನು ತುದಿ ಕತ್ತರಿಸಿದ ಝೀರೊ, ಅಂದರೆ ಮಿತ್ರಪಡೆಗಳು ‘ಹ್ಯಾಂಪ್’ ಎಂದು ಕರೆದ ಎ6ಎಂ3 ಮಾದರಿ 32 ಎಂದರು. ಅದೇ ಕಾಲದ ಇನ್ನೊಂದು ಜಪಾನಿ ಯುದ್ಧವಿಮಾನವಾದ ಕಿ-43 ಹಯಬುಸದ ಎರಡನೆಯ ಮಾದರಿ ಎಂಬ ನನ್ನ ಮಾತನ್ನು ಆಗ ಯಾರೂ ಒಪ್ಪಲಿಲ್ಲ.

1944ರ ಇಂಫಾಲ ಕದನದಲ್ಲಿ ಕಣಿವೆಯ ಮೇಲೆ ಹಾರುತ್ತಿದ್ದುದು ಜಪಾನಿ ಭೂಸೇನೆಯ ಹಯಬುಸ, ಝೀರೊ ನೌಕಾಪಡೆಯದು ಎಂದು ವಾದಿಸಬಹುದಿತ್ತು. ಆದರೆ ಗುಜರಿಯವನು ಹೇಳುವ ಊರಿನ ಕಥೆಯನ್ನು ನಾನು ಸಾಕ್ಷಿಯೆಂದು ಎಣಿಸುವವನಲ್ಲ, ಮರದಿಂದಲೇ ತೀರ್ಮಾನವಾಗಬೇಕಿತ್ತು.

ಅಳತೆಯ ಅನುಪಾತ ಇಲ್ಲಿ ಕೈಕೊಟ್ಟಿತು. ಕೆತ್ತನೆಯ ರೆಕ್ಕೆಯಗಲವನ್ನು ಉದ್ದದಿಂದ ಭಾಗಿಸಿದರೆ ಸುಮಾರು 1.2 ಬರುತ್ತದೆ. ಹ್ಯಾಂಪ್‌ನ 11 ಮೀಟರ್ ರೆಕ್ಕೆಗೂ 9.06 ಮೀಟರ್ ಉದ್ದಕ್ಕೂ, ಹಯಬುಸದ 10.84 ಮತ್ತು 8.92ಕ್ಕೂ ಉತ್ತರ 1.21ರ ಆಸುಪಾಸೇ, 12 ಮೀಟರ್ ರೆಕ್ಕೆಯ ಹಳೆಯ ಝೀರೊ ಕೂಡ ತುದಿ ಮುರಿದುಕೊಂಡರೆ ಅಲ್ಲಿಗೇ ಬಂದು ನಿಲ್ಲುತ್ತದೆ. ಬಳಿಕ ಏಳು ಸಾವಿರದಷ್ಟು ಸುರಿದು ಸ್ಕ್ಯಾನ್ ಮಾಡಿಸಿದೆ. ಬಂದ ಕಡತದಲ್ಲಿ ಮರದ ಎಳೆಗಳ ನಡುವಿನ ಕೊರಕಲೂ ಉಳಿಯ ಗೆರೆಯೂ ಒಂದೇ ಆಗಿ ಕಲಸಿಹೋಗಿದ್ದವು. ಅದನ್ನು ‘ನಯಗೊಳಿಸಿ’ ಕೊಟ್ಟಾಗ ಇದ್ದ ಅಂಚುಗಳೂ ಮಾಯವಾದವು. ನೇರಳಾತೀತ ಟಾರ್ಚಿನಲ್ಲಿ ಕಂಡದ್ದು ಬಾಲಕ್ಕೆ ಯಾರೋ ಹಚ್ಚಿದ್ದ ಅಂಟು ಮಾತ್ರ.

ಕೊನೆಗೆ ದಾರಿ ತೋರಿದ್ದು ಪಕ್ಕದ ಪ್ರಯೋಗ. ಹೊಸ ತೇಗದಲ್ಲಿ ಒಂದು ರೆಕ್ಕೆ ಕೆತ್ತಿ, ಮಳೆಗಾಲವಿಡೀ ತಾರಸಿಯ ಮೇಲೆ ಬಿಟ್ಟೆ. ಎಳೆ ಕೊನೆಗೊಳ್ಳುವ ತುದಿಯಲ್ಲಿ ಬಿರುಕು ಮೊದಲು ಮೂಡಿತು. ಎಳೆಯುದ್ದಕ್ಕೂ ಇರುವ ಅಂಚು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮಳೆಗಾಳಿಗಳು ಮರವನ್ನು ತೆಗೆಯಬಲ್ಲವೇ ಹೊರತು ಸೇರಿಸಲಾರವು. ಹಾಗಾಗಿ ಸವೆದ ಅಂಚಿನ ಸರಾಸರಿ ಗೆರೆಯನ್ನು ನಕ್ಷೆಗೆ ಹೊಂದಿಸುವ ನಮ್ಮ ವಾಡಿಕೆಯನ್ನು ಬಿಟ್ಟು, ಉಳಿದಿರುವ ಮರವೆಲ್ಲ ನಕ್ಷೆಯೊಳಗೆ ಅಡಗುತ್ತದೆಯೇ ಎಂದಷ್ಟೇ ನೋಡತೊಡಗಿದೆ. ಮೂರೂ ವಿಮಾನಗಳ ಮೇಲ್ನೋಟದ ನಕ್ಷೆಗಳನ್ನು ಪಾರದರ್ಶಕ ಹಾಳೆಯ ಮೇಲೆ ಹಲವು ಅಳತೆಗಳಲ್ಲಿ ಮುದ್ರಿಸಲು ಇನ್ನೂರು ಮುನ್ನೂರು ರೂಪಾಯಿ ಹಿಡಿಯಿತು. ಹಾಳೆಯನ್ನು ಕೂರಿಸಲು ರೆಕ್ಕೆಯ ಬುಡದಲ್ಲಿ ಯಾವ ಬಿಂದುಗಳನ್ನು ಹಿಡಿಯಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಝೀರೊ ಮತ್ತು ಹ್ಯಾಂಪ್ ನಕ್ಷೆಗಳಲ್ಲಿ ರೆಕ್ಕೆಯ ಮುಂದಿನ ಅಂಚು ತುದಿಯತ್ತ ತುಸು ಹಿಂದೆ ಸರಿಯುವುದರಿಂದ, ನನ್ನ ಒಂದಡಿಯೊಳಗಿನ ಕೆತ್ತನೆಯ ಮರ ಎರಡೂ ಬದಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಗೆರೆಯಾಚೆ ಚಾಚಿಕೊಂಡಿತು. ಹಯಬುಸದ ಮುಂದಿನ ಅಂಚು ನೆಟ್ಟಗಿದೆ. ಅದರ ಹಾಳೆ ಹೊದಿಸಿದಾಗ ಹೊರಗುಳಿದ ಮರ ಎಲ್ಲಿಯೂ ಇರಲಿಲ್ಲ. ಹಳ್ಳಿಯ ಬಡಗಿಯ ಕೈ ತಪ್ಪಿರಬಹುದೆಂದು ಒಬ್ಬರು ಆಕ್ಷೇಪಿಸಿದರು. ಕೈ ತಪ್ಪಿದ್ದರೆ ಎಡಕ್ಕೂ ಬಲಕ್ಕೂ ಒಂದೇ ಅಳತೆಯಲ್ಲಿ ತಪ್ಪುವುದು ಕಷ್ಟ. ಮೇಲಾಗಿ ಬಾಲದ ಅಡ್ಡರೆಕ್ಕೆ ನಿಲುರೆಕ್ಕೆಗಿಂತ ಮುಂದೆ ಇರುವುದೂ ಹಯಬುಸದ ಲಕ್ಷಣವೇ. ಮೂತಿಯಲ್ಲಿ ಪ್ರೊಪೆಲ್ಲರ್ ಅಲಗುಗಳಿಗೆ ಮೂರು ಸೀಳುಗಳಿರುವುದರಿಂದ ಹಯಬುಸದ ಎರಡಲಗಿನ ಮೊದಲ ಮಾದರಿಯೂ ಬಿದ್ದುಹೋಯಿತು.

ಹಾಗಿದ್ದರೂ ಪಟ್ಟು ಬಿಡದವರನ್ನು ಸುಮ್ಮನಾಗಿಸಿದ್ದು ಕೆಳಮೈ. ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದಾಗ, ಎರಡೂ ರೆಕ್ಕೆಗಳಡಿ ಮಣ್ಣು ತುಂಬಿದ ಒಂದೊಂದು ಬೆಣೆಯ ತೂತು ಕಾಣಿಸಿತು. ಝೀರೊ ಸಾಮಾನ್ಯವಾಗಿ ತನ್ನ ಹೆಚ್ಚುವರಿ ಇಂಧನದ ಟ್ಯಾಂಕನ್ನು ಹೊಟ್ಟೆಯಡಿ ಒಂದೇ ಒಂದಾಗಿ ಹೊರುತ್ತಿತ್ತು; ಹಯಬುಸ ರೆಕ್ಕೆಗೊಂದರಂತೆ ಎರಡನ್ನು ಹೊರುತ್ತಿತ್ತು. ಇಲ್ಲಿ ಹೊಟ್ಟೆಯಡಿ ತೂತಿನ ಸುಳಿವೇ ಇಲ್ಲ.