ಆಸ್ಟ್ರೇಲಿಯಾದಲ್ಲಿ ಒಂದು ವರ್ಷ: ಖರ್ಚುವೆಚ್ಚವನ್ನು ವಾರದ ಲೆಕ್ಕದಲ್ಲಿ ಹಾಕುವುದು ಹೇಗೆ?

ದುಡಿಯುತ್ತಲೇ ಊರು ಸುತ್ತಲು ಬಯಸುವ ಯುವಜನರಿಗಾಗಿ ಆಸ್ಟ್ರೇಲಿಯಾ ನೀಡುವ ‘ವರ್ಕ್ ಅಂಡ್ ಹಾಲಿಡೇ’ ವೀಸಾ 2024ರಿಂದ ಭಾರತೀಯರಿಗೂ ತೆರೆದಿದೆ. ವರ್ಷಕ್ಕೆ 1,000 ಮಂದಿಗೆ ಮಾತ್ರ ಅವಕಾಶ. 18 ತುಂಬಿ 31 ತುಂಬದವರು 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಹೆಸರು ನೋಂದಾಯಿಸಬಹುದು. ಯಾರು ಅರ್ಜಿ ಹಾಕಬಹುದೆಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಕನಿಷ್ಠ ಎರಡು ವರ್ಷದ ಕಾಲೇಜು ವ್ಯಾಸಂಗ ಮತ್ತು ವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಕೂಡ ಬೇಕು. ಚೀಟಿಯಲ್ಲಿ ಹೆಸರು ಬಂದವರು ಮೊದಲು ಕಲಿಯಬೇಕಾದದ್ದು ವಾರದ ಲೆಕ್ಕವನ್ನು. ತಿಂಗಳ ಸಂಬಳ, ತಿಂಗಳ ಬಾಡಿಗೆಯಲ್ಲಿ ಬೆಳೆದ ನಮಗೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಮೊದಲ ಹೆಜ್ಜೆ: ಕೈಯಲ್ಲಿರುವ ಹಣವನ್ನು ಪಾಲು ಮಾಡಿ

ವೀಸಾಕ್ಕೆ ಅರ್ಜಿ ಹಾಕುವಾಗ ಸುಮಾರು 5,000 ಡಾಲರ್ ಉಳಿತಾಯವನ್ನೂ, ಅದಲ್ಲದೆ ಮರಳಿ ಬರುವ ವಿಮಾನದ ಖರ್ಚಿಗೆ ಹಣವನ್ನೂ ತೋರಿಸಬೇಕಾಗುತ್ತದೆ. ಇದು ದಾಖಲೆಗಷ್ಟೇ ತೋರಿಸುವ ಮೊತ್ತ, ಹೋದ ಕೂಡಲೇ ಕೆಲಸ ಸಿಗುತ್ತದೆ ಎಂದುಕೊಂಡು ಅದನ್ನು ಸಾಲ ತಂದು ತೋರಿಸಿ ಹಿಂದಿರುಗಿಸುವವರಿದ್ದಾರೆ. ಅದು ಅಪಾಯದ ದಾರಿ. ಮೊದಲ ಆರು ವಾರ ನಿಮ್ಮನ್ನು ಸಾಕುವುದು ಆ ಹಣವೇ.

ವಾರಕ್ಕೆ 250 ಡಾಲರಿನ ಕೋಣೆಯೊಂದು ಸಿಕ್ಕಿತು ಎಂದುಕೊಳ್ಳೋಣ. ಅದನ್ನು ನಾಲ್ಕರಿಂದ ಗುಣಿಸಿ ‘ತಿಂಗಳಿಗೆ ಸಾವಿರ’ ಎಂದುಬಿಡುವುದು ಹೊಸಬರ ಮೊದಲ ತಪ್ಪು. ವರ್ಷಕ್ಕೆ ವಾರಗಳು 52, ಬಾಡಿಗೆ 13,000 ಡಾಲರ್. ತಿಂಗಳಿಗೆ ಹಂಚಿದರೆ 1,083. ಕೋಣೆ ಹಿಡಿಯುವಾಗ ಸಾಮಾನ್ಯವಾಗಿ ‘ಬಾಂಡ್’ ಎಂಬ ಹೆಸರಿನ ನಾಲ್ಕು ವಾರಗಳ ಠೇವಣಿಯನ್ನೂ ಎರಡು ವಾರಗಳ ಬಾಡಿಗೆಯನ್ನೂ ಮುಂಗಡವಾಗಿ ಕೊಡಬೇಕಾಗುತ್ತದೆ, ಅಂದರೆ ಒಂದೇ ದಿನ 1,500 ಡಾಲರ್ ಕೈಬಿಡುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಕಿವಿ ಪಳಗಿದ ಬೆಂಗಳೂರಿನವರಿಗೆ ಇದು ಹಗುರವೆನಿಸಬಹುದು. ಆದರೆ ಅಲ್ಲಿ ಕೊಡುತ್ತಿರುವುದು ಸಂಬಳ ಇನ್ನೂ ಶುರುವಾಗದವರು ಎಂಬುದು ನೆನಪಿರಲಿ.

ಎರಡನೆಯ ಹೆಜ್ಜೆ: ಕಣ್ಣಾರೆ ನೋಡಿ ಕೋಣೆ ಹಿಡಿಯಿರಿ

ಊರಿನಲ್ಲಿ ಕುಳಿತು, ಚಿತ್ರ ನೋಡಿ, ಬಾಂಡ್ ಹಣ ಕಳುಹಿಸಬೇಡಿ. ಮೊದಲ ಒಂದೆರಡು ವಾರ ಹಾಸ್ಟೆಲಿನಲ್ಲಿ ಉಳಿದುಕೊಂಡು, ನಾಲ್ಕೈದು ಮನೆಗಳನ್ನು ನೋಡಿ ಆಯ್ದುಕೊಳ್ಳಿ. ಹೆಚ್ಚಿನವರಿಗೆ ಸಿಗುವುದು ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿದ ‘ಷೇರ್ ಹೌಸ್’. ವಿದ್ಯುತ್ತು ಮತ್ತು ಇಂಟರ್‌ನೆಟ್ ಬಾಡಿಗೆಯಲ್ಲಿ ಸೇರಿವೆಯೇ ಎಂದು ಕೇಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ, ಒಳಹೋಗುವ ದಿನವೇ ಗೋಡೆಯ ಗೀರು, ಕಾರ್ಪೆಟ್ಟಿನ ಕಲೆಗಳ ಚಿತ್ರ ತೆಗೆದಿಡಿ. ಬಿಟ್ಟುಹೋಗುವಾಗ ಬಾಂಡ್ ಹಣ ವಾಪಸು ಕೇಳುವುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಮಾತು, ಒಗ್ಗರಣೆಯದು. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದು ಏಳುವ ಘಾಟಿಗೆ ಚಾವಣಿಯ ಹೊಗೆ ಸೂಚಕ ಕೂಗಿಕೊಳ್ಳುವುದುಂಟು. ಅಪಾರ್ಟ್‌ಮೆಂಟಿನಲ್ಲಿ ಹೊಗೆ ಹೋಗಲೆಂದು ಮುಂಬಾಗಿಲು ತೆರೆದರಂತೂ ಅದು ಕಾರಿಡಾರಿಗೆ ನುಗ್ಗಿ ಇಡೀ ಕಟ್ಟಡದ ಎಚ್ಚರಿಕೆ ಗಂಟೆಯೇ ಮೊಳಗಬಹುದು, ಅಗ್ನಿಶಾಮಕದವರೂ ಬರಬಹುದು. ಹಾಗೆ ಸುಮ್ಮನೆ ಬಂದುಹೋದದ್ದಕ್ಕೆ ಕಟ್ಟಡದ ಮೇಲೆ ಬೀಳುವ ಶುಲ್ಕ ಸಾವಿರ ಡಾಲರ್ ದಾಟಬಹುದು. ಅದು ಕಡೆಗೆ ಒಗ್ಗರಣೆ ಹಾಕಿದವರ ತಲೆಗೇ ಬರುತ್ತದೆ. ಕಿಟಕಿ ತೆರೆದು, ಒಲೆಯ ಮೇಲಿನ ಫ್ಯಾನ್ ಹಾಕಿ, ಬಾಗಿಲು ಮುಚ್ಚಿಕೊಂಡೇ ಒಗ್ಗರಣೆ ಮಾಡುವುದು ಕ್ಷೇಮ.

ಮೂರನೆಯ ಹೆಜ್ಜೆ: ಸಂಬಳವನ್ನು ಬಿಡಿಸಿ ನೋಡಿ

ತೆರಿಗೆ ಸಂಖ್ಯೆಯನ್ನು ಅಲ್ಲಿನ ತೆರಿಗೆ ಕಚೇರಿಯಿಂದ ನೀವೇ ಉಚಿತವಾಗಿ ಪಡೆಯಬಹುದು, ಮಧ್ಯವರ್ತಿಗೆ ದುಡ್ಡು ಕೊಡಬೇಕಿಲ್ಲ. 2025ರ ಜುಲೈ 1ರಿಂದ ಜಾರಿಗೆ ಬಂದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ‘ಕ್ಯಾಶುಯಲ್’ ಎನ್ನುವ, ಕಾಯಂ ಅಲ್ಲದ ಕೆಲಸಕ್ಕೆ ಸಂಬಳಸಹಿತ ರಜೆ ಇಲ್ಲದ್ದರಿಂದ ಅದರ ಮೇಲೆ ಶೇ 25ರಷ್ಟು ಸೇರಿ 31.19 ಆಗುತ್ತದೆ. ವಾರಕ್ಕೆ 30 ಗಂಟೆ ದುಡಿದರೆ ಸುಮಾರು 936 ಡಾಲರ್. ಈ ವೀಸಾದವರಿಗೆ ಮೊದಲ 45,000 ಡಾಲರ್ ಆದಾಯದವರೆಗೆ ತೆರಿಗೆ ಶೇ 15. ಅದನ್ನು ಕಳೆದರೆ ಕೈಗೆ ಬರುವುದು 795. ಕೆಲಸ ಕೊಡುವವರು ಈ ವೀಸಾದವರನ್ನು ನೇಮಿಸಿಕೊಳ್ಳಲು ತೆರಿಗೆ ಕಚೇರಿಯಲ್ಲಿ ನೋಂದಾಯಿಸಿಕೊಂಡಿರದಿದ್ದರೆ ಶೇ 30 ಹಿಡಿಯುತ್ತಾರೆ, ಆದ್ದರಿಂದ ಸೇರುವಾಗಲೇ ಕೇಳಿಕೊಳ್ಳಿ.

795 ಕೇಳಲು ಚೆನ್ನಾಗಿದೆ. ಆದರೆ ಕ್ಯಾಶುಯಲ್ ಕೆಲಸದಲ್ಲಿ ಗಂಟೆಗಳಿಗೆ ಖಾತರಿಯಿಲ್ಲ. ವ್ಯಾಪಾರ ಇಳಿದ ವಾರ 12 ಗಂಟೆ ಮಾತ್ರ ಕೆಲಸ ಸಿಕ್ಕರೆ ಕೈಗೆ ಬರುವುದು 318. ಕೋಣೆಗೆ 250, ದಿನಸಿಗೆ 90, ಓಡಾಟಕ್ಕೆ 50, ಫೋನು ಮತ್ತಿತರೆಗೆ 60 ಎಂದಿಟ್ಟುಕೊಂಡರೂ ವಾರದ ಖರ್ಚು 450. ಒಳ್ಳೆಯ ವಾರದಲ್ಲಿ ಉಳಿದದ್ದನ್ನು ಊರು ಸುತ್ತಲು ತೆಗೆಯುವ ಮುನ್ನ ಇಂಥ ಎರಡು ಕೆಟ್ಟ ವಾರಗಳ ಕೊರತೆಯನ್ನು ಎತ್ತಿಡಬೇಕು. ಹೋಟೆಲು, ಕೆಫೆಗಳಲ್ಲಿ ಭಾನುವಾರದ ಕೂಲಿ ಸಾಮಾನ್ಯವಾಗಿ ಹೆಚ್ಚು, ಅದೇ ದಿನ ಗಿರಾಕಿಯ ಬಿಲ್ಲಿಗೂ ಹಲವು ಕಡೆ ಹೆಚ್ಚುವರಿ ಸೇರುತ್ತದೆ. ಭಾನುವಾರ ತಿನ್ನಲು ಹೋಗುವುದಕ್ಕಿಂತ ದುಡಿಯಲು ಹೋಗುವುದೇ ಲಾಭ. ಮದ್ಯ ಬಡಿಸುವ ಕೆಲಸಕ್ಕೆ ‘ಆರ್‌ಎಸ್‌ಎ’, ಕಟ್ಟಡ ಕೆಲಸಕ್ಕೆ ‘ವೈಟ್ ಕಾರ್ಡ್’ ಪ್ರಮಾಣಪತ್ರ ಬೇಕು. ಒಬ್ಬರ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಸಂಬಳದ ಚೀಟಿಯಿಲ್ಲದೆ ನಗದು ಕೊಡುತ್ತೇನೆನ್ನುವವರಿಂದ ದೂರವಿರಿ. ಹಣ್ಣಿನ ತೋಟಗಳಲ್ಲಿ ಬುಟ್ಟಿಯ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯಿದ್ದರೂ 2022ರ ಏಪ್ರಿಲ್‌ನಿಂದ ಅಲ್ಲಿಯೂ ಗಂಟೆಯ ಕನಿಷ್ಠ ಕೂಲಿಯ ಖಾತರಿ ಇದೆ.

ನಾಲ್ಕನೆಯ ಹೆಜ್ಜೆ: ಊರನ್ನು ಖರ್ಚಿನಿಂದಲೂ ಅಳೆಯಿರಿ

ಎಲ್ಲರೂ ಸಿಡ್ನಿಗೆ ಹೋಗಬೇಕೆಂದೇನಿಲ್ಲ. ಅಲ್ಲಿ ಬಸ್ಸು, ರೈಲಿಗೆ ಬಳಸುವ ಓಪಲ್ ಕಾರ್ಡಿನಿಂದ ಕಡಿತವಾಗುವ ಹಣಕ್ಕೆ ವಾರಕ್ಕೆ 50 ಡಾಲರಿನ ಮಿತಿಯಿದೆ, ಮೆಲ್ಬರ್ನ್‌ನಲ್ಲಿ ನಗರ ಕೇಂದ್ರದೊಳಗೆ ಟ್ರಾಮ್ ಉಚಿತ. ಆದರೆ ಬ್ರಿಸ್ಬೇನ್ ಸೇರಿದಂತೆ ಕ್ವೀನ್ಸ್‌ಲ್ಯಾಂಡಿನಲ್ಲಿ 2024ರ ಆಗಸ್ಟ್‌ನಿಂದ ಸಾರ್ವಜನಿಕ ಸಾರಿಗೆಯ ಒಂದು ಪ್ರಯಾಣಕ್ಕೆ ಬರೀ 50 ಸೆಂಟ್. ದಿನಕ್ಕೆರಡರಂತೆ ವಾರವಿಡೀ ಓಡಾಡಿದರೂ 7 ಡಾಲರ್ ದಾಟುವುದಿಲ್ಲ. ದೂರದ ಬಡಾವಣೆಯ ಅಗ್ಗದ ಕೋಣೆ ಹಿಡಿಯುವ ಧೈರ್ಯ ಬರುವುದು ಇದರಿಂದಲೇ.

ಅಕ್ಕಿ, ಬೇಳೆ, ರಾಗಿಹಿಟ್ಟು ಸಿಡ್ನಿಯ ಹ್ಯಾರಿಸ್ ಪಾರ್ಕ್, ಮೆಲ್ಬರ್ನ್‌ನ ಡ್ಯಾಂಡಿನಾಂಗ್ ಕಡೆಯ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಯಿಂದ ಒಯ್ಯುವ ತಿಂಡಿ, ಪುಡಿ, ಉಪ್ಪಿನಕಾಯಿ ಏನಿದ್ದರೂ ವಿಮಾನದಲ್ಲಿ ಕೊಡುವ ನಮೂನೆಯಲ್ಲಿ ಬರೆಯಲೇಬೇಕು, ಮುಚ್ಚಿಟ್ಟರೆ ನಿಲ್ದಾಣದಲ್ಲೇ ದಂಡ. ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ನಮ್ಮವರಿಗೆ ಅನ್ವಯಿಸದ ಕಾರಣ ವಿಮೆಯಲ್ಲಿ ಮಾತ್ರ ಜಿಪುಣತನ ಬೇಡ.

ಕೊನೆಯ ಹೆಜ್ಜೆ: ಹೊರಡುವಾಗ ಬರಬೇಕಾದದ್ದನ್ನು ಕೇಳಿ

ಸಂಬಳದ ಜೊತೆಗೆ ಕೆಲಸ ಕೊಟ್ಟವರು ಅದರ ಶೇ 12ರಷ್ಟನ್ನು ‘ಸೂಪರ್’ ಎಂಬ ನಿವೃತ್ತಿ ನಿಧಿಗೆ ತುಂಬಬೇಕು. ನಮ್ಮ ಪಿಎಫ್‌ನಂತೆ, ಆದರೆ ನಿಮ್ಮ ಪಾಲು ಕಡಿತವಾಗುವುದಿಲ್ಲ. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಅದನ್ನು ಪಡೆಯಲು ಅರ್ಜಿ ಹಾಕಬಹುದು. ಈ ವೀಸಾದವರಿಗೆ ಅದರ ಮೇಲಿನ ತೆರಿಗೆ ಶೇ 65, ಅಂದರೆ ನೂರಕ್ಕೆ ಸಿಗುವುದು 35. ಸಿಟ್ಟು ಬರುವ ಲೆಕ್ಕವೇ ಸರಿ, ಆದರೂ ವಿಮಾನದ ಖರ್ಚಿನಲ್ಲಿ ಒಂದಷ್ಟು ಅದರಿಂದ ಹುಟ್ಟುತ್ತದೆ. ಬಾಂಡ್ ಮತ್ತು ಸೂಪರ್ ಎರಡೂ ಕೈಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.