ನಿಧಾನದ ದೆವ್ವದ ಸಿನಿಮಾ ಹಾಕಿದಾಗ ನಾನು ಪರದೆ ಬಿಟ್ಟು ಜನರನ್ನು ನೋಡುತ್ತೇನೆ

ನಮ್ಮದು ಮಲೆನಾಡಿನ ಸಣ್ಣ ಊರಿನ ಚಿತ್ರ ಸಮಾಜ. ಸಿನಿಮಾ ಆರಿಸುವುದು, ಪ್ರದರ್ಶನಕ್ಕೆ ಅನುಮತಿ ತರುವುದು, ಪರದೆ ಕಟ್ಟುವುದು, ಕೊನೆಗೆ ಕುರ್ಚಿ ಎತ್ತಿಡುವುದು ಎಲ್ಲ ನಾವೇ. ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂನವರು 1970ರ ದಶಕದಲ್ಲೇ ಚಿತ್ರ ಸಮಾಜ ಕಟ್ಟಿ, ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ದರು. ಹಾಗಾಗಿ ಈ ಸೀಮೆಯಲ್ಲಿ ಬೇರೆ ದೇಶದ ಸಿನಿಮಾ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ದೆವ್ವದ ಸಿನಿಮಾ, ಅದೂ ನಿಧಾನಕ್ಕೆ ಕಾವೇರುವಂಥದ್ದು ಅಂದಾಗ ಮಾತ್ರ ಹಳೆಯ ಸದಸ್ಯರೂ ಒಂದು ಸಲ ಮುಖ ನೋಡುತ್ತಾರೆ. ನನಗೆ ತೋರಿಸಲು ಹೆಚ್ಚು ಇಷ್ಟ ಇಂಥವೇ.

ನಮ್ಮಲ್ಲಿ ಸಿನಿಮಾ ನಿಧಾನ ಅನ್ನಿಸಿತು ಅಂದರೆ ಒಂದೇ ತೀರ್ಪು: "ಲ್ಯಾಗ್ ಗುರು." ಅಲ್ಲಿಗೆ ಮಾತು ಮುಗಿಯಿತು. ಇಷ್ಟು ವರ್ಷ ಜನರನ್ನು ನೋಡಿದ ಮೇಲೆ ನನಗೆ ಅನ್ನಿಸುವುದು, ಈ ತೀರ್ಪು ಬಹಳ ಸಲ ಸಿನಿಮಾದ ವೇಗದ ಮೇಲೆ ಬರುವುದಿಲ್ಲ. ಏನು ನಿರೀಕ್ಷೆ ಇಟ್ಟುಕೊಂಡು ಬಂದು ಕೂತಿದ್ದರು, ಎಂಥ ಕೋಣೆಯಲ್ಲಿ ಕೂತಿದ್ದರು ಅನ್ನುವುದರ ಮೇಲೆ ಬರುತ್ತದೆ. ಈ ಎರಡೂ ತೋರಿಸುವವರ ಕೈಯಲ್ಲಿರುವ ವಿಷಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮತ್ತೆ ಮತ್ತೆ ಹಾಕುವ ಸಿನಿಮಾ 'ದಿ ವಿಚ್'. ನಿರ್ದೇಶಕ ರಾಬರ್ಟ್ ಎಗರ್ಸ್ ಅವರ ಮೊದಲ ಚಿತ್ರ. 1630ರ ದಶಕದ ನ್ಯೂ ಇಂಗ್ಲೆಂಡ್, ಅಂದರೆ ಇಂಗ್ಲೆಂಡಿನವರು ಹೋಗಿ ನೆಲೆಸಿದ ಅಮೆರಿಕದ ಸೀಮೆ. ಧರ್ಮದ ವಿಷಯಕ್ಕೆ ಊರಿನವರ ಜೊತೆ ಹಟಕ್ಕೆ ಬಿದ್ದ ಅಪ್ಪ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಾಡಿನ ಅಂಚಿಗೆ ಬಂದು ಮನೆ ಮಾಡುತ್ತಾನೆ. ದೊಡ್ಡ ಮಗಳು ಥಾಮಸಿನ್ ಒಂದು ದಿನ ಕೂಸನ್ನು ಆಡಿಸುತ್ತಿರುತ್ತಾಳೆ. ಕೈಯಿಂದ ಮುಖ ಮುಚ್ಚುವುದು, ತೆಗೆಯುವುದು. ಮುಚ್ಚುವುದು, ತೆಗೆಯುವುದು. ಕೂಸು ನಗುತ್ತದೆ. ಒಂದು ಸಲ ಕೈ ತೆಗೆದರೆ ಕೂಸೇ ಇಲ್ಲ. ಅಲ್ಲಿಂದ ಆ ಮನೆಯೊಳಗೆ ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಬೆಳೆಯುತ್ತಾ ಹೋಗುತ್ತದೆ. ಸಿನಿಮಾ ಪೂರ್ತಿ ಅದೇ.

2015ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಇದಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. ವಿಮರ್ಶಕರು ಹೊಗಳಿದರು. ಮರುವರ್ಷ ಫೆಬ್ರವರಿಯಲ್ಲಿ ಅಮೆರಿಕದ ಥಿಯೇಟರುಗಳಿಗೆ ಬಂದಾಗ ಮಾತ್ರ ಬೇರೆಯೇ ಆಯಿತು. ಅಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ. ಬಿಡುಗಡೆಯ ಮೊದಲ ರಾತ್ರಿ ನೋಡಿ ಹೊರಗೆ ಬರುವ ಜನರ ಕೈಗೆ ಚೀಟಿ ಕೊಟ್ಟು ಗ್ರೇಡ್ ಬರೆಸುತ್ತಾರೆ. ಈ ಸಿನಿಮಾಕ್ಕೆ ಬಂದದ್ದು ಸಿ ಮೈನಸ್. 2018ರಲ್ಲಿ ಇಂಥದ್ದೇ ಇನ್ನೊಂದು ನಿಧಾನದ ದೆವ್ವದ ಸಿನಿಮಾ 'ಹೆರೆಡಿಟರಿ'ಗೆ ಅದಕ್ಕಿಂತ ಕೆಳಗಿನ ಡಿ ಪ್ಲಸ್. ಎರಡನ್ನೂ ವಿಮರ್ಶಕರು ಮೆಚ್ಚಿದ್ದರು, ಎರಡೂ ದುಡ್ಡೂ ಮಾಡಿದವು. 'ದಿ ವಿಚ್' ಸುಮಾರು 40 ಲಕ್ಷ ಡಾಲರಿನಲ್ಲಿ ತಯಾರಾಗಿ 4 ಕೋಟಿ ಡಾಲರಿನಷ್ಟು ಗಳಿಸಿತು. ಹಾಗಾದರೆ ಮೊದಲ ರಾತ್ರಿಯ ಜನಕ್ಕೆ ಸಿಟ್ಟು ಯಾಕೆ? ನನ್ನ ಪ್ರಕಾರ ಅದು ಟ್ರೈಲರ್ ಮಾಡಿದ ಕೆಲಸ. ಎರಡು ನಿಮಿಷದ ಟ್ರೈಲರಿನಲ್ಲಿ ಇಡೀ ಸಿನಿಮಾದ ಭಯವನ್ನು ಹಿಂಡಿ ತುಂಬಿದರೆ, ನೋಡುವವರು ಅದೇ ರಭಸ ಪೂರ್ತಿ ಇರುತ್ತದೆ ಅಂದುಕೊಂಡು ಬರುತ್ತಾರೆ. ಅರ್ಧ ಗಂಟೆ ಪ್ರಾರ್ಥನೆ, ಹೊಲ, ಊಟದ ಮೇಜು ನೋಡಿದ ಮೇಲೆ ಮೋಸ ಹೋದೆ ಅನ್ನಿಸದೇ ಇರುತ್ತದಾ?

ನಮ್ಮ ದೇಶದಲ್ಲೇ ಇದಕ್ಕೆ ಉದಾಹರಣೆ ಇದೆ. ಮಳೆಯಲ್ಲೇ ನಡೆಯುವ ಹಿಂದಿ ದೆವ್ವದ ಸಿನಿಮಾ 'ತುಂಬಾಡ್' 2018ರಲ್ಲಿ ಬಂದಾಗ ನೋಡಿದವರು ಕಡಿಮೆ. 2024ರಲ್ಲಿ ಮರುಬಿಡುಗಡೆ ಆದಾಗ ಮೊದಲ ಸಲಕ್ಕಿಂತ ಜಾಸ್ತಿ ಗಳಿಸಿತು. ಕಥೆ ಅದೇ, ಮಳೆ ಅದೇ, ವೇಗವೂ ಅದೇ. ಬಂದ ಜನಕ್ಕೆ ತಾವು ಏನು ನೋಡಲು ಹೋಗುತ್ತಿದ್ದೇವೆ ಅನ್ನುವುದು ಗೊತ್ತಿತ್ತು, ಅಷ್ಟೇ.

ಹಾಗಾಗಿ ನಾವು ಪೋಸ್ಟರಿನಲ್ಲಿ 'ಬೆಚ್ಚಿಬೀಳಿಸುವ', 'ಎದೆ ನಡುಗಿಸುವ' ಅಂತ ಬರೆಯುವುದಿಲ್ಲ. 'ಕಾಡಿನ ಅಂಚಿನ ಒಂದು ಮನೆಯ ಕಥೆ' ಅಂತ ಬರೆಯುತ್ತೇವೆ. ಶೋ ಶುರುವಾಗುವ ಮುಂಚೆ ನಾನು ಎದ್ದು ನಿಂತು ನಾಲ್ಕೈದು ಮಾತು ಹೇಳುತ್ತೇನೆ. ಇದರಲ್ಲಿ ಧಡ್ ಅಂತ ಹೆದರಿಸುವ ಜಾಗ ಕಡಿಮೆ, ಮನೆಯವರ ಮುಖ ನೋಡುತ್ತಾ ಇರಿ ಅನ್ನುತ್ತೇನೆ. ಆ ಕಾಲದ ಆ ಜನರಿಗೆ ಸೈತಾನ ಕಪ್ಪು ಹೋತದ ರೂಪದಲ್ಲಿ ಬರುತ್ತಾನೆ ಅನ್ನುವ ನಂಬಿಕೆ ಇತ್ತು ಅನ್ನುವುದನ್ನೂ ಸೇರಿಸುತ್ತೇನೆ. ಈ ಒಂದು ವಾಕ್ಯ ಬಹಳ ಮುಖ್ಯ. ನಮ್ಮಲ್ಲಿ ಹೋತ ಅಂದರೆ ಹಟ್ಟಿಯಲ್ಲಿ ಕಟ್ಟಿದ ಪ್ರಾಣಿ, ಮಾರಿಹಬ್ಬದ ನೆನಪು. ಈ ಸಿನಿಮಾದ ಹೋತವನ್ನು ನೋಡಿ ಹೆದರಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಕಾಲೇಜು ಹುಡುಗರಂತೂ ನಗುತ್ತಾರೆ. ನಂಬಿಕೆ ಹೇಳಿದ ಮೇಲೂ ನಗುತ್ತಾರೆ, ಆದರೆ ನಕ್ಕು ಪರದೆ ಕಡೆ ತಿರುಗುತ್ತಾರೆ. ಪಕ್ಕದವನ ಕಡೆ ತಿರುಗುವುದಿಲ್ಲ.

ಇನ್ನೊಂದು ಮಾತು ಹೇಳದೆ ಲೈಟು ಆರಿಸುವುದೇ ಇಲ್ಲ. ಕೂಸಿಗೆ ಕೇಡಾಗುವ ದೃಶ್ಯ ಇದೆ, ಬೇಗನೇ ಬರುತ್ತದೆ, ಬೇಡ ಅನ್ನಿಸಿದವರು ಈಗಲೇ ಹೊರಡಬಹುದು ಅನ್ನುತ್ತೇನೆ. ಬಸುರಿಯರು, ಬಾಣಂತನ ಈಗಷ್ಟೇ ಮುಗಿಸಿದವರು ಇರುತ್ತಾರೆ. ಮಗು ಕಳೆದುಕೊಂಡವರೂ ಇರುತ್ತಾರೆ, ಅದು ನಮಗೆ ಗೊತ್ತಿರುವುದಿಲ್ಲ. ಒಬ್ಬಿಬ್ಬರು ಎದ್ದು ಹೋಗುತ್ತಾರೆ. ಹೋಗಲಿ. 18 ತುಂಬದವರನ್ನು ಒಳಗೆ ಬಿಡುವುದಿಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ ಸರಿ.

ಈಗ ಕೋಣೆಯ ವಿಷಯ. ಈ ಸಿನಿಮಾದ ಹೆಚ್ಚಿನ ಭಾಗವನ್ನು ಹಗಲಿನ ಸಹಜ ಬೆಳಕಿನಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆದಿದ್ದಾರೆ. ಕೋಣೆಗೆ ಎಲ್ಲಿಂದಾದರೂ ಬೆಳಕು ಸೋರಿದರೆ ರಾತ್ರಿಯ ದೃಶ್ಯಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಆಗ ಜನ ಹೆದರುವುದಿಲ್ಲ, ಕಣ್ಣು ಕಿರಿದು ಮಾಡಿಕೊಂಡು ತಡಕಾಡುತ್ತಾರೆ. ನಾವು ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ ಕಟ್ಟುತ್ತೇವೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಇಡುತ್ತೇವೆ. ಸ್ಟೆಬಿಲೈಸರಿನ ಕೆಂಪು ದೀಪದ ಮೇಲೆ ಟೇಪ್ ಅಂಟಿಸುತ್ತೇವೆ. ಚಿತ್ರದ ಚೌಕಟ್ಟು ಈಗಿನ ಸಿನಿಮಾಗಳಷ್ಟು ಅಗಲ ಇಲ್ಲ, ಎತ್ತರ 1 ಆದರೆ ಅಗಲ 1.66. ಪಕ್ಕದಲ್ಲಿ ಕಪ್ಪು ಜಾಗ ಉಳಿಯುತ್ತದೆ. "ಪರದೆ ತುಂಬಿಲ್ಲ, ಝೂಮ್ ಮಾಡಿ" ಅನ್ನುವವರು ಯಾವಾಗಲೂ ಇರುತ್ತಾರೆ. ಮಾಡಬಾರದು. ಆ ಕಿರಿದಾದ ಚೌಕಟ್ಟಿನಲ್ಲೇ ಮರಗಳು ಎತ್ತರಕ್ಕೆ ಕಾಣುವುದು, ಮನೆ ಇಕ್ಕಟ್ಟು ಅನ್ನಿಸುವುದು.

ಸೌಂಡನ್ನು ಮಾತಿನ ದೃಶ್ಯಕ್ಕೆ ಹೊಂದಿಸಿಕೊಳ್ಳುತ್ತೇನೆ. ಅಪ್ಪ ಪಿಸುಗುಟ್ಟುವ ಮಾತು ಕೊನೆಯ ಸಾಲಿಗೆ ಕೇಳಬೇಕು. ಆಮೇಲೆ ನಾಬ್ ಮುಟ್ಟುವುದಿಲ್ಲ. ಮಾರ್ಕ್ ಕೋರ್ವೆನ್ ಅವರ ಸಂಗೀತದಲ್ಲಿ ತಂತಿವಾದ್ಯ ಮತ್ತು ಜನರ ಕಂಠ ಸೇರಿ ಮೇಲೆ ಮೇಲೆ ಏರಿ, ಥಟ್ಟನೆ ನಿಲ್ಲುತ್ತದೆ. ಆ ನಿಂತ ಜಾಗದಲ್ಲಿ ಫ್ಯಾನಿನ ಸದ್ದು ಕೇಳಿಸಿದರೆ ಎಲ್ಲ ಹಾಳು. ಹಾಗಾಗಿ ನಾವು ಇದನ್ನು ಚಳಿಗಾಲದಲ್ಲೇ ಹಾಕುವುದು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಇದರ ಮಾತೇ ಬೇಡ.

ಇಂಟರ್ವಲ್ ಕೊಡುವುದಿಲ್ಲ. 92 ನಿಮಿಷದ ಸಿನಿಮಾ. ಚಹಾ ಮೊದಲೇ ಕೊಟ್ಟುಬಿಡುತ್ತೇವೆ. ನಿಧಾನಕ್ಕೆ ಏರುವ ಭಯಕ್ಕೆ ಮಧ್ಯದಲ್ಲಿ ಲೈಟು ಹಾಕಿ ಬೋಂಡಾ ಕೊಟ್ಟರೆ ಅದು ಮತ್ತೆ ಮೊದಲಿನಿಂದ ಏರಬೇಕು. ಏರುವುದಿಲ್ಲ.

ಸಿನಿಮಾ ಶುರುವಾದ ಮೇಲೆ ನಾನು ಪಕ್ಕದ ಗೋಡೆಗೆ ಒರಗಿ, ಮುಖಗಳು ಕಾಣುವ ಹಾಗೆ ಕೂರುತ್ತೇನೆ. ಮೊದಲರ್ಧದಲ್ಲಿ ಕೆಮ್ಮು, ಕುರ್ಚಿ ಕಿರ್ರೆನ್ನುವುದು, ಅಲ್ಲೊಂದು ಇಲ್ಲೊಂದು ಮೊಬೈಲ್ ಬೆಳಕು. ಇದೆಲ್ಲ ಬೇಸರದ ಗುರುತು ಅಂತ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೇಸರ ಬಂದವನು ಮೊಬೈಲಿನಲ್ಲೇ ಉಳಿಯುತ್ತಾನೆ. ಹೆದರಿಕೆ ಶುರುವಾದವನು ಒಂದು ಸಲ ತೆಗೆದು ನೋಡಿ, ಜೇಬಿಗೆ ಹಾಕಿ, ಇನ್ನೂ ಗಟ್ಟಿಯಾಗಿ ಕೂರುತ್ತಾನೆ. ನಗುವಿನಲ್ಲೂ ಎರಡು ಬಗೆ. ಈ ಸಿನಿಮಾದಲ್ಲಿ ಅಪ್ಪ ಸುಮ್ನೆ ಸೌದೆ ಒಡೆಯುತ್ತಿರುತ್ತಾನೆ. ಬೆಳೆ ಹೋಯಿತು, ಬೇಟೆ ಸಿಗಲಿಲ್ಲ, ಕೂಸು ಹೋಯಿತು, ಆದರೂ ಕೊಡಲಿ ಹಿಡಿದು ಸೌದೆ ಒಡೆಯುತ್ತಾನೆ. ಮೊದಲ ಸಲ ಜನ ಜೋರಾಗಿ ನಗುತ್ತಾರೆ. ಆಮೇಲೆ ಕೊಡಲಿ ಬಿದ್ದಾಗ ಮೂಗಿನಲ್ಲಿ ಉಸಿರು ಬಿಟ್ಟ ಹಾಗೆ ಒಂದು ಸಣ್ಣ ನಗು. ಇನ್ನೂ ಆಮೇಲೆ ಅದೂ ಇಲ್ಲ. ಅವನ ಕೈಲಿ ಬೇರೇನೂ ಆಗುವುದಿಲ್ಲ ಅನ್ನುವುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ.

ರೈತರ ಕಣ್ಣು ಬೇರೆ ಕಡೆ ಇರುತ್ತದೆ. ಹೊಲದಲ್ಲಿ ಜೋಳದ ತೆನೆ ಕಪ್ಪಾಗಿ ಕೊಳೆತಿರುವುದನ್ನು ತೋರಿಸಿದಾಗ ಹಿಂದಿನ ಸಾಲಿನಿಂದ "ಕಾಡಿಗೆ ರೋಗ ಬಿದ್ದಿದೆ" ಅನ್ನುವ ಮಾತು ಕೇಳಿದ್ದೇನೆ. ತೆನೆ ಕಾಡಿಗೆಯ ಹಾಗೆ ಕಪ್ಪಾಗುವ ರೋಗ ಅದು. ದೆವ್ವ ಬರುವ ಮೊದಲೇ ಅವರಿಗೆ ಭಯ ಶುರುವಾಗಿತ್ತು. ಚಳಿಗಾಲ ಬರುತ್ತಿದೆ, ಕಣಜ ಖಾಲಿ, ಹಿಂದೆ ಕಾಡು. ಗದ್ದೆ ಮುಗಿದು ಕಾಡು ಶುರುವಾಗುವ ಜಾಗದಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸಭಾಂಗಣ ಪೂರ್ತಿ ಬಿಗಿಯುವುದು ಬೆಳ್ಳಿ ಬಟ್ಟಲಿನ ದೃಶ್ಯಕ್ಕೆ. ಅಮ್ಮನ ತವರಿನ ಬೆಳ್ಳಿ ಬಟ್ಟಲು ಕಾಣೆಯಾಗಿದೆ. ಅದನ್ನು ಮಾರಿದವನು ಅಪ್ಪ. ಅಮ್ಮ ಮಗಳನ್ನು ಹಿಡಿದು ಕೇಳುತ್ತಾಳೆ. ಅಪ್ಪ ಅಲ್ಲೇ ಇದ್ದಾನೆ, ಬಾಯಿ ಬಿಡುವುದಿಲ್ಲ. ಇಲ್ಲಿ ದೆವ್ವ ಇಲ್ಲ, ರಕ್ತ ಇಲ್ಲ, ಸಂಗೀತವೂ ಹೆದರಿಸುವುದಿಲ್ಲ. ಹೆಂಗಸರ ಸಾಲಿನಿಂದ "ಥೂ, ಹೇಳೋ" ಅನ್ನುವ ದನಿ ಬರುತ್ತದೆ. ಕೆಲವರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಗಂಡಸರು ಅಲುಗಾಡುವುದಿಲ್ಲ. ಆ ಹುಡುಗಿಯ ಮೇಲೆ ಇನ್ನು ಏನು ಬೇಕಾದರೂ ಹೊರಿಸಬಹುದು ಅನ್ನುವುದು ಆ ಗಳಿಗೆಯಲ್ಲಿ ನಿಕ್ಕಿಯಾಗುತ್ತದೆ. ಇಡೀ ಸಿನಿಮಾದ ಭಯದ ಬೇರು ಅಲ್ಲಿದೆ. ಮುಂದೆ ಮಗ ಕೇಲಬ್ ಕಾಡಿನಿಂದ ಜ್ವರ ಹಿಡಿದು ಬಂದು ನರಳುವ ದೃಶ್ಯದಲ್ಲಿ ಒಬ್ಬರೂ ಕೆಮ್ಮುವುದಿಲ್ಲ ಅಂದರೆ, ಅದಕ್ಕೆ ಕಾರಣ ಈ ಬಟ್ಟಲು.

ಕೊನೆಯನ್ನು ಇಲ್ಲಿ ಹೇಳುವುದಿಲ್ಲ, ನೋಡದವರು ಇರುತ್ತೀರಿ.

ಮುಗಿದ ಕೂಡಲೇ ಟ್ಯೂಬ್‌ಲೈಟ್ ಹಾಕುವುದಿಲ್ಲ. ಹೆಸರುಗಳು ಪೂರ್ತಿ ಹೋಗಲಿ ಅಂತ ಬಿಡುತ್ತೇವೆ. ಆ ಕಾಲದ ಜನಪದ ಕಥೆ, ದಿನಚರಿ, ಕೋರ್ಟಿನ ದಾಖಲೆಗಳಿಂದ ಪ್ರೇರಣೆ ಪಡೆದ ಸಿನಿಮಾ ಇದು, ಮಾತುಗಳಲ್ಲೂ ಬಹಳಷ್ಟು ಅಲ್ಲಿಂದಲೇ ಬಂದವು ಅಂತ ಪರದೆ ಮೇಲೆ ಬರುತ್ತದೆ. ಅದನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಸಭೆ ಒಂದು ಸಲ ಮಗ್ಗುಲು ಬದಲಿಸುತ್ತದೆ.

ಚರ್ಚೆಯಲ್ಲಿ "ಹೆದರಿಕೆ ಆಯ್ತಾ?" ಅಂತ ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ "ಇಲ್ಲಪ್ಪ" ಅನ್ನುತ್ತಾರೆ, ಗಂಡು ಹುಡುಗರಂತೂ ಇನ್ನೂ ಜೋರಾಗಿ. ಅದರ ಬದಲು "ಯಾರ ಮೇಲೆ ಸಿಟ್ಟು ಬಂತು?" ಅಂತ ಕೇಳುತ್ತೇನೆ. ಆಗ ಮಾತು ಹೊರಡುತ್ತದೆ. ಅಪ್ಪನ ಮೇಲೆ, ಅಮ್ಮನ ಮೇಲೆ, ಸುಳ್ಳು ಹೇಳುವ ಅವಳಿ ಮಕ್ಕಳ ಮೇಲೆ. ಅಲ್ಲಿಂದ ಮಾತು ಊರಿಗೆ ಬರಲು ಹೊತ್ತು ಬೇಕಾಗಿಲ್ಲ. ಹಸು ಹಾಲು ಕೊಡುವುದು ನಿಲ್ಲಿಸಿದರೆ, ಮಗು ಕಾಯಿಲೆ ಬಿದ್ದರೆ, ಒಂಟಿ ಹೆಂಗಸಿನ ಮೇಲೆ ಮಾಟದ ಮಾತು ಹೊರಡುತ್ತಿದ್ದ ಕಾಲವನ್ನು ಹಿರಿಯರು ನೆನೆಯುತ್ತಾರೆ. 2017ರಲ್ಲಿ ನಮ್ಮ ವಿಧಾನಮಂಡಲ ಮೌಢ್ಯ ತಡೆಯುವ ಕಾಯ್ದೆ ಒಪ್ಪಿದ್ದು ಯಾಕೆ ಅನ್ನುವುದಕ್ಕೆ ಭಾಷಣ ಬೇಕಾಗುವುದಿಲ್ಲ. ಅಪ್ಪ ಯಾಕೆ ಸುಮ್ಮನಿದ್ದ ಅನ್ನುವಲ್ಲಿಗೇ ಮಾತು ತಿರುಗಿ ಬರುತ್ತದೆ.

"ಇದರಲ್ಲಿ ಏನೂ ಇಲ್ಲ" ಅನ್ನುವವರೂ ಪ್ರತಿ ಸಲ ಇರುತ್ತಾರೆ. ಅವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಎಲ್ಲಿ ಬೇಸರ ಶುರುವಾಯಿತು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಬಹಳ ಸಲ ಅವರು ಹಿಂದಿನ ಸಾಲಿನಲ್ಲಿ ಕೂತವರಾಗಿರುತ್ತಾರೆ, ಮಾತು ಸರಿಯಾಗಿ ಕೇಳಿರುವುದಿಲ್ಲ. ಹಳೆಯ ಇಂಗ್ಲಿಷಿನ ಮಾತು, ಕೆಳಗಿನ ಸಬ್‌ಟೈಟಲ್ ಮುಂದಿನವರ ತಲೆಗೆ ಮರೆಯಾಗಿರುತ್ತದೆ. ಅದಕ್ಕೇ ಈಗ ಪರದೆಯನ್ನು ಇನ್ನೊಂದು ಅಡಿ ಮೇಲೆ ಕಟ್ಟುತ್ತೇವೆ, ಕುರ್ಚಿಗಳನ್ನು ಸಾಲು ಬಿಟ್ಟು ಸಾಲು ಸರಿಸಿ ಹಾಕುತ್ತೇವೆ. ಊರಿನಲ್ಲಿ ಹೀಗೆ ತೋರಿಸುವ ಯೋಚನೆ ಇದ್ದವರು ಟ್ರೈಲರ್ ಹಂಚಬೇಡಿ. ಕಥೆಯ ಮೊದಲ ಹತ್ತು ನಿಮಿಷವನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು, ಬಾಗಿಲಲ್ಲಿ ಕೈಗೆ ಕೊಡಿ. ಲೈಟು ಆರುವ ಮುಂಚೆ ಓದಿಕೊಳ್ಳಲಿ.