ಮೋಡ್ಕಾ ಲಾರಿ ಭಟ್ಟಿಗೆ ಹೋಗುವ ಮುಂಚೆ: ವಿಕಿರಣ ತಪಾಸಣೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಫೌಂಡ್ರಿಗಳಿಗೆ (ಎರಕದ ಕಾರ್ಖಾನೆಗಳಿಗೆ) ಬರುವ ಮೋಡ್ಕಾದಲ್ಲಿ, ಅಂದರೆ ಗುಜರಿ ಲೋಹದಲ್ಲಿ, ಏನೇನಿದೆ ಅನ್ನೋದು ಕಳಿಸಿದವನಿಗೂ ಪೂರ್ತಿ ಗೊತ್ತಿರಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಸೇರಿದ ಹಳೇ ಗಾಮಾ ಉಪಕರಣದಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಒಬ್ಬ ಕೆಲಸಗಾರ ಸತ್ತ. ಇಂಥದ್ದು ಕರಗಿಬಿಟ್ಟರೆ ಹುಡುಕುವುದು ಇನ್ನೂ ಕಷ್ಟ. ಕೋಬಾಲ್ಟ್ ಎರಕದಲ್ಲೇ ಬೆರೆಯುತ್ತದೆ, ಸೀಸಿಯಂ-137 ಆವಿಯಾಗಿ ಹೊಗೆಧೂಳಿಗೆ, ರೇಡಿಯಂ ಕಿಟ್ಟಕ್ಕೆ ಹೋಗುತ್ತದೆ.

ಹುಡುಕಲು ಸಿಂಟಿಲೇಶನ್ ಮೀಟರ್ (ವಿಕಿರಣ ಬಿದ್ದಾಗ ಹರಳಿನಲ್ಲಿ ಮಿಂಚುವ ಬೆಳಕನ್ನು ಎಣಿಸುವಂಥದ್ದು) ಬೇಕು. ಜಿ.ಎಂ. (ಗೈಗರ್-ಮುಲ್ಲರ್) ಟ್ಯೂಬಿನ ಮೀಟರ್ ಡೋಸ್, ಅಂದರೆ ಮೈಗೆ ತಾಗುವ ವಿಕಿರಣದ ಪ್ರಮಾಣ, ಅಳೆಯಲು ಸರಿ, ಹುಡುಕಲು ಮಂದ. ಗೇಟಿನಲ್ಲಿ ಲಾರಿ ಇಲ್ಲದಾಗ ಒಂದು ನಿಮಿಷ ಹಿಡಿದು ಹಿನ್ನೆಲೆ (ಆ ಜಾಗದಲ್ಲಿ ಸಹಜವಾಗಿಯೇ ಇರುವ ವಿಕಿರಣ) ಬರೆದಿಡಿ. ಸಾಮಾನ್ಯವಾಗಿ ಗಂಟೆಗೆ 0.1 ಮೈಕ್ರೋಸೀವರ್ಟ್ (ಡೋಸಿನ ಅಳತೆ) ಆಸುಪಾಸು. ಆಮೇಲೆ ಎಂಜಿನ್ ಆರಿಸಿ, ಲಾರಿಯ ಎರಡೂ ಮಗ್ಗುಲು, ಹಿಂಬದಿ, ತಳ ಎಲ್ಲ ನೋಡಿ. ಮೀಟರ್ ಲಾರಿಯ ಗೋಡೆಯಿಂದ 5–10 ಸೆಂ.ಮೀ. ದೂರದಲ್ಲಿರಲಿ, ಕೈ ನಿಧಾನವಾಗಿ ಸರಿಯಲಿ. ಅವಸರ ಮಾಡಿದರೆ ಚಿಕ್ಕ ಮೂಲ (ವಿಕಿರಣ ಸೂಸುವ ತುಂಡು) ದಾಟಿಹೋಗುತ್ತದೆ. ಒಂದು ವಿಚಿತ್ರ: ತುಂಬಿದ ಲಾರಿ ಪಕ್ಕಕ್ಕೆ ಬಂದಾಗ ಮೀಟರಿನ ಓದು ಇಳಿಯುತ್ತದೆ, ಕಬ್ಬಿಣ ಹಿನ್ನೆಲೆಯನ್ನೇ ತಡೆಯುವುದರಿಂದ. ಹಾಗಾಗಿ ಇಳಿದ ಮಟ್ಟದಿಂದ ಎಷ್ಟು ಏರಿತು ಅನ್ನುವುದನ್ನೂ ಲೆಕ್ಕ ಹಾಕಿ. ಹಿನ್ನೆಲೆಯ ಎರಡು ಪಟ್ಟಾದರೆ ಲಾರಿ ಅಲ್ಲೇ ನಿಲ್ಲಲಿ.

ಮೊದಲು ಡ್ರೈವರನನ್ನು ಇಳಿಸಿ ಬೇರೆ ಅಳೆಯಿರಿ. ಥೈರಾಯ್ಡಿಗೆ ಅಯೋಡಿನ್-131 ಎಂಬ ವಿಕಿರಣ ಔಷಧದ ಚಿಕಿತ್ಸೆ ಪಡೆದವರು ದಿನಗಟ್ಟಲೆ ಅಲಾರಾಂ ಹೊಡೆಸುತ್ತಾರೆ. ಆಮೇಲೆ ಓದುಗಳನ್ನು ಸೀಮೆಸುಣ್ಣದಿಂದ ಲಾರಿಯ ಮೇಲೇ ಬರೆಯಿರಿ. ಎಲ್ಲ ಕಡೆ ಒಂದೇ ಸಮ ಏರಿದ್ದರೆ ಬಹುತೇಕ ನೈಸರ್ಗಿಕ: ಇಳಕಲ್ ಕೆಂಪು ಗ್ರಾನೈಟ್, ಪೊಟ್ಯಾಷ್ ಗೊಬ್ಬರ, ಅಚ್ಚಿಗೆ ಬಳಸುವ ನಿಮ್ಮದೇ ಜಿರ್ಕಾನ್ ಮರಳು. ಒಂದೇ ಜಾಗದಲ್ಲಿ ಚೂಪಾಗಿ ಏರಿದರೆ ಅದು ಮೂಲ. ಕೈಹಾಕಿ ಹುಡುಕಬೇಡಿ. ದೂರ ಎರಡು ಪಟ್ಟಾದರೆ ಚಿಕ್ಕ ಮೂಲದ ಡೋಸ್ ಕಾಲು ಭಾಗಕ್ಕಿಳಿಯುತ್ತದೆ. ಗಂಟೆಗೆ 100 ಮೈಕ್ರೋಸೀವರ್ಟ್ ತೋರುವ ಕಡೆ ಹಗ್ಗ ಕಟ್ಟಿ, ಪೊಲೀಸರಿಗೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೂ ತಿಳಿಸಿ. ಲಾರಿ ವಾಪಸ್ ಕಳಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಅದು ಮುಂದಿನ ಫೌಂಡ್ರಿಗೆ ಹೋಗುತ್ತದೆ.

ಸ್ಫೋಟಕ ಈ ಮೀಟರಿಗೆ ಕಾಣಲ್ಲ. ಮುಚ್ಚಿದ ಸಿಲಿಂಡರ್, ಶೆಲ್ಲಿನಂಥ ತುಂಡು ಕಂಡರೆ ಮುಟ್ಟದೆ ಜನರನ್ನು ದೂರ ಕಳಿಸಿ ಪೊಲೀಸರನ್ನು ಕರೆಯಿರಿ. ಗ್ಯಾಸ್ ಕಟರ್ ಹಚ್ಚಲೇಬೇಡಿ.

ಗೇಟಿನಲ್ಲಿ ಪಾಸಾಯಿತೆಂದು ಬಿಡುವ ಹಾಗಿಲ್ಲ. ಸೀಸದ ಡಬ್ಬಿಯಲ್ಲಿರುವ, ನಡುವೆ ಹೂತ ಮೂಲ ಹೊರಗೆ ತೋರದೇ ಇರಬಹುದು. ಇಳಿಸುವಾಗ ಪದರ ಪದರವಾಗಿ ಮತ್ತೊಮ್ಮೆ, ಪ್ರತಿ ಹೀಟಿನ (ಭಟ್ಟಿಯ ಒಂದು ಸಲದ ಕರಗಿಸುವಿಕೆಯ) ಸ್ಯಾಂಪಲ್ಲಿಗೆ ಒಮ್ಮೆ, ಫಿಲ್ಟರ್ ಧೂಳಿಗೂ ಒಮ್ಮೆ ಮೀಟರ್ ಹಿಡಿಯಿರಿ.